ಓದುಗರ ಪ್ರಶ್ನೆ: ಗ್ಲೈಡರ್ ಹಾರಿಸುವವರು ಯಾವ ಹವಾಮಾನ ಪುಸ್ತಕ ಓದಬೇಕು?

ಪ್ರಶ್ನೆ: ನಾನು ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಓದು ಮುಗಿದ ಮೇಲೆ ಪುಣೆಯ ಹಡಪ್ಸರಕ್ಕೆ ಹೋಗಿ ಗ್ಲೈಡರ್ ಹಾರಿಸಲು ಕಲಿಯಬೇಕೆಂಬ ಆಸೆಯಿದೆ. ಎಂಜಿನ್ ಇಲ್ಲದ ವಿಮಾನಕ್ಕೆ ಗಾಳಿಯೇ ಆಧಾರವಾದ್ದರಿಂದ ಹವಾಮಾನವನ್ನು ಮೊದಲೇ ತಿಳಿದುಕೊಳ್ಳೋಣವೆಂದು ಪೈಲಟ್ ಪರೀಕ್ಷೆಗಾಗಿ ಬರೆದ ಪುಸ್ತಕವೊಂದನ್ನು ತಂದು ಓದಿದೆ. ಅದರಲ್ಲಿ ಗ್ಲೈಡರಿನ ಪ್ರಸ್ತಾಪವೇ ಇಲ್ಲ. ಯಾವ ಪುಸ್ತಕಗಳನ್ನು, ಯಾವ ಕ್ರಮದಲ್ಲಿ ಓದಬೇಕು? ವಿದೇಶದಲ್ಲಿ ಬರೆದ ಪುಸ್ತಕಗಳು ನಮ್ಮ ಕರಾವಳಿಯ ಆಕಾಶಕ್ಕೆ ಹೊಂದುತ್ತವೆಯೇ?
– ಓದುಗ, ಮಣಿಪಾಲ

ಉತ್ತರ: ಪರೀಕ್ಷೆಯ ಪುಸ್ತಕಗಳು ಮಂಜು, ಗುಡುಗುಮೋಡ, ರೆಕ್ಕೆಯ ಮೇಲೆ ಕಟ್ಟುವ ಹಿಮ ಮುಂತಾದವುಗಳಿಂದ ತಪ್ಪಿಸಿಕೊಳ್ಳುವುದು ಹೇಗೆಂದು ಕಲಿಸುತ್ತವೆ. ಅದು ಬೇಕಾದದ್ದೇ, ಅದನ್ನು ಓದಿದ್ದು ವ್ಯರ್ಥವಾಗಲಿಲ್ಲ. ಆದರೆ ಗ್ಲೈಡರ್ ಹಾರಿಸುವವನು ಕೇಳುವ ಪ್ರಶ್ನೆ ಬೇರೆ. ಇಂದು ಗಾಳಿ ಎಲ್ಲಿ ಮೇಲೇರುತ್ತದೆ, ಎಷ್ಟು ಹೊತ್ತಿಗೆ ಏರಲು ತೊಡಗುತ್ತದೆ, ಎಷ್ಟು ಎತ್ತರದವರೆಗೆ ಏರುತ್ತದೆ, ಯಾವಾಗ ನಿಲ್ಲುತ್ತದೆ? ಒಳ್ಳೆಯ ಗ್ಲೈಡರ್ ಕೂಡ ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ ಮುಕ್ಕಾಲು ಮೀಟರಿನ ಆಸುಪಾಸಿನ ವೇಗದಲ್ಲಿ ಕೆಳಗಿಳಿಯುತ್ತಲೇ ಇರುತ್ತದೆ. ಗಾಳಿ ಅದಕ್ಕಿಂತ ಜೋರಾಗಿ ಏರುವ ಕಡೆ ಸುತ್ತಿದರೆ ಮಾತ್ರ ಎತ್ತರ ಸಿಗುತ್ತದೆ. ಆದ್ದರಿಂದ ನಿಮಗೆ ಬೇಕಾದದ್ದು ಏರುಗಾಳಿಯನ್ನು ಕಾರಣಸಹಿತ ವಿವರಿಸುವ ಪುಸ್ತಕ.

ಮೊದಲು ಅಮೆರಿಕದ ವಿಮಾನಯಾನ ಆಡಳಿತ ಪ್ರಕಟಿಸಿರುವ 'ಗ್ಲೈಡರ್ ಫ್ಲೈಯಿಂಗ್ ಹ್ಯಾಂಡ್‌ಬುಕ್' ತೆರೆಯಿರಿ. 2013ರ ಆವೃತ್ತಿ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಅದರ 9ನೆಯ ಅಧ್ಯಾಯ ಹವಾಮಾನಕ್ಕೆ ಮೀಸಲು, 10ನೆಯದು ಏರುಗಾಳಿಯನ್ನು ಬಳಸಿಕೊಳ್ಳುವ ಕ್ರಮಕ್ಕೆ. ಎರಡನ್ನೂ ಒಟ್ಟಿಗೆ ಓದಿ. ವಿವರಣೆ ಸರಳವಾಗಿದೆ, ಚಿತ್ರಗಳು ಸ್ಪಷ್ಟವಾಗಿವೆ. ಆಳ ಮಾತ್ರ ಸಾಲದು.

ಆಳಕ್ಕಾಗಿ ನಾನು ಎಲ್ಲರಿಗೂ ಹೇಳುವ ಪುಸ್ತಕ ಟಾಮ್ ಬ್ರಾಡ್‌ಬರಿಯವರ 'ಮೀಟಿಯರಾಲಜಿ ಅಂಡ್ ಫ್ಲೈಟ್'. ಮೊದಲು ಪ್ರಕಟವಾದದ್ದು 1989ರಲ್ಲಿ. ಆಮೇಲೆ ಪರಿಷ್ಕೃತ ಆವೃತ್ತಿಗಳೂ ಬಂದಿವೆ. ಬ್ರಾಡ್‌ಬರಿ ಬ್ರಿಟನ್ನಿನ ಹವಾಮಾನ ತಜ್ಞರು, ಗ್ಲೈಡರ್ ಹಾರಿಸಿದವರೂ ಹೌದು. ಮುನ್ಸೂಚನೆ ಬರೆಯುವ ಮೇಜಿನ ತಿಳಿವಳಿಕೆಯೂ ಕಾಕ್‌ಪಿಟ್ಟಿನ ಅಗತ್ಯವೂ ಒಬ್ಬರಲ್ಲೇ ಕೂಡಿರುವುದು ಅಪರೂಪ. ಸಿ. ಇ. ವಾಲಿಂಗ್ಟನ್ನರ 'ಮೀಟಿಯರಾಲಜಿ ಫಾರ್ ಗ್ಲೈಡರ್ ಪೈಲಟ್ಸ್' ಇನ್ನೂ ಹಳೆಯದು, 1961ರದು. ಹಳೆಯ ಪುಸ್ತಕದಂಗಡಿಗಳಲ್ಲಿ ಕಣ್ಣಿಗೆ ಬಿದ್ದರೆ ಬಿಡಬೇಡಿ. ಉಪಗ್ರಹ ಚಿತ್ರ, ಕಂಪ್ಯೂಟರ್ ಮುನ್ಸೂಚನೆಗಳ ಕಾಲಕ್ಕೆ ಮೊದಲಿನದಾದರೂ ಗಾಳಿಯ ಭೌತಶಾಸ್ತ್ರ ಬದಲಾಗಿಲ್ಲವಷ್ಟೆ. ಪ್ಯಾರಾಗ್ಲೈಡಿಂಗ್ ಕಡೆಗೂ ಮನಸ್ಸಿದ್ದರೆ ಡೆನಿಸ್ ಪೇಗನ್ನರ 'ಅಂಡರ್‌ಸ್ಟ್ಯಾಂಡಿಂಗ್ ದಿ ಸ್ಕೈ' ನೋಡಬಹುದು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಈ ಪುಸ್ತಕಗಳಲ್ಲಿರುವ ನಿಯಮಗಳು ಎಲ್ಲ ಕಡೆಯೂ ಹೊಂದುತ್ತವೆ, ಉದಾಹರಣೆಗಳು ಹೊಂದುವುದಿಲ್ಲ. ಮೋಡದ ತಳ ಎಷ್ಟು ಎತ್ತರದಲ್ಲಿರುತ್ತದೆ ಎಂಬ ಲೆಕ್ಕವನ್ನೇ ನೋಡಿ. ನೆಲಮಟ್ಟದ ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ (ಗಾಳಿಯಲ್ಲಿನ ತೇವ ಹನಿಗಟ್ಟತೊಡಗುವ ಉಷ್ಣಾಂಶ) ಇರುವ ವ್ಯತ್ಯಾಸದ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 125 ಮೀಟರ್ ಎಂದು ಗುಣಿಸಿದರೆ, ಬಿಸಿಗಾಳಿ ಏರಿ ಕಟ್ಟುವ ಮೋಡದ ತಳ ಅಂದಾಜಿಗೆ ಸಿಗುತ್ತದೆ. ಉಡುಪಿಯಲ್ಲಿ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ 33 ಡಿಗ್ರಿ ಉಷ್ಣಾಂಶವೂ 23 ಡಿಗ್ರಿ ಇಬ್ಬನಿ ಬಿಂದುವೂ ಇದೆಯೆಂದಿಟ್ಟುಕೊಳ್ಳಿ. ಮೋಡದ ತಳ 1250 ಮೀಟರಿನಲ್ಲಿರುತ್ತದೆ. ಅದೇ ಹೊತ್ತಿಗೆ ಘಟ್ಟದಾಚೆಯ ಒಣನೆಲದಲ್ಲಿ 36 ಮತ್ತು 8 ಡಿಗ್ರಿ ಇದ್ದರೆ ಲೆಕ್ಕ 3500 ಮೀಟರ್ ತೋರಿಸುತ್ತದೆ. ಎಷ್ಟೋ ಸಲ, ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಕಂಬಗಳಾದ ಥರ್ಮಲ್‌ಗಳು ಅಷ್ಟು ಎತ್ತರ ಮುಟ್ಟುವ ಮೊದಲೇ ತಣಿದು ನಿಲ್ಲುವುದರಿಂದ ಅಂಥ ದಿನ ಆಕಾಶದಲ್ಲಿ ಮೋಡವೇ ಕಾಣದೆ ಇರಬಹುದು. ಏರುಗಾಳಿ ಇದ್ದರೂ ಅದರ ಗುರುತು ಇರುವುದಿಲ್ಲ. ಇಂಗ್ಲೆಂಡಿನ ಪುಸ್ತಕ ಹತ್ತಿಯುಂಡೆಯಂಥ ಮೋಡಗಳನ್ನು ಹುಡುಕಲು ಹೇಳಿದರೆ, ಪುಣೆಯ ಬೇಸಗೆಯಲ್ಲಿ ನೀವು ನೆಲದ ಬಣ್ಣ, ಧೂಳು, ಸುತ್ತುವ ಹದ್ದುಗಳನ್ನು ನೋಡಿ ಊಹಿಸಬೇಕಾಗಬಹುದು.

ಕರಾವಳಿಯ ವಿಷಯದಲ್ಲಿ ಕಡಲಗಾಳಿಯನ್ನು ತಿಳಿಯದೆ ಮುಂದೆ ಹೋಗುವಂತಿಲ್ಲ. ಇದಕ್ಕೆ ಜಾನ್ ಇ. ಸಿಂಪ್ಸನ್ನರ 'ಸೀ ಬ್ರೀಝ್ ಅಂಡ್ ಲೋಕಲ್ ವಿಂಡ್ಸ್' (1994) ಎಂಬ ಪುಸ್ತಕವಿದೆ. ಸಿಂಪ್ಸನ್ನರು ಸ್ವತಃ ಗ್ಲೈಡರ್ ಹಾರಿಸಿದವರು. ದಕ್ಷಿಣ ಇಂಗ್ಲೆಂಡಿನಲ್ಲಿ ಕಡಲಗಾಳಿಯ ಮುಂಚೂಣಿಯನ್ನು ಗ್ಲೈಡರುಗಳ ನೆರವಿನಿಂದ ಅಭ್ಯಾಸ ಮಾಡಿದವರು. ಹಗಲು ನೆಲ ಕಾದಾಗ ಕಡಲ ಮೇಲಿನ ತಂಪುಗಾಳಿ, ನೇಗಿಲ ಗುಳ ಮಣ್ಣಿನಡಿಗೆ ತೂರುವಂತೆ, ಒಳನಾಡಿನ ಬಿಸಿಗಾಳಿಯ ಅಡಿಗೆ ನುಗ್ಗುತ್ತದೆ. ಎರಡೂ ಸಂಧಿಸುವ ಕಿರಿದಾದ ಸಾಲಿನಲ್ಲಿ ಗಾಳಿ ಮೇಲೇರುತ್ತದೆ. ಸಾಲಿನ ಹಿಂದೆ, ಅಂದರೆ ಕಡಲಿನ ಕಡೆ, ತಂಪಾದ ಸ್ಥಿರ ಗಾಳಿ ಹರಡಿ ಥರ್ಮಲ್‌ಗಳು ಅಡಗಿಹೋಗುತ್ತವೆ. ಬೆಳಗ್ಗೆ ಮೂಡಣದಿಂದ ಬೀಸುವ ಗಾಳಿ ಎದುರಾದ ದಿನ ಈ ಸಾಲು ಇನ್ನಷ್ಟು ಚೂಪಾಗುತ್ತದೆ. ಮಣಿಪಾಲದ ಗುಡ್ಡದ ಮೇಲಿರುವ ನಿಮಗೆ ಪಡುವಣದಲ್ಲಿ ಮೋಡವಿಲ್ಲದ ಕಡಲಂಚು, ಮೂಡಣದಲ್ಲಿ ಘಟ್ಟದ ಕಡೆ ಸಾಲುಗಟ್ಟಿದ ಮೋಡ ಒಟ್ಟಿಗೆ ಕಂಡ ದಿನ ಸಿಂಪ್ಸನ್ನರ ಪುಸ್ತಕ ತೆರೆದು ನೋಡಿ. ಆ ಪುಟಗಳು ಇಂಗ್ಲೆಂಡಿನವೆಂದು ಅನ್ನಿಸುವುದಿಲ್ಲ.

ಮಳೆಗಾಲದ ಗಾಳಿಗೆ ನಮ್ಮವರೇ ಬರೆದದ್ದನ್ನು ಓದಬೇಕು. ಹವಾಮಾನ ಇಲಾಖೆಯ ಮಹಾನಿರ್ದೇಶಕರಾಗಿದ್ದ ಪಿ. ಕೆ. ದಾಸ್ ಅವರ 'ದಿ ಮಾನ್ಸೂನ್ಸ್' ನ್ಯಾಷನಲ್ ಬುಕ್ ಟ್ರಸ್ಟಿನ ಪ್ರಕಟಣೆ. ಮುಂಗಾರಿನ ಒಟ್ಟು ಚಿತ್ರ ಅದರಲ್ಲಿದೆ. ಇಲಾಖೆಯ 'ಮೌಸಮ್' ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಅಂತರ್ಜಾಲದಲ್ಲಿ ಓದಬಹುದು. ಅದು ಹಳೆಯ ಹೆಸರಿನಲ್ಲಿ ಬರುತ್ತಿದ್ದ ಕಾಲದಲ್ಲಿ, 1965ರಲ್ಲಿ ಆರ್. ಎನ್. ಸರ್ಕಾರ್ ಅವರು ಪಶ್ಚಿಮ ಘಟ್ಟದ ಮೇಲಿನ ಪರ್ವತ ಅಲೆಗಳ (ಬೆಟ್ಟ ದಾಟುವ ಗಾಳಿಯಲ್ಲಿ ಏಳುವ ಅಲೆಗಳ) ಬಗ್ಗೆ, 1966ರಲ್ಲಿ ಪಿ. ವಿ. ಜೋಸೆಫ್ ಮತ್ತು ಪಿ. ಎಲ್. ರಾಮನ್ ಅವರು ಜುಲೈ ತಿಂಗಳಲ್ಲಿ ದಕ್ಷಿಣ ಭಾರತದ ಮೇಲೆ ಕೆಳಮಟ್ಟದಲ್ಲಿ ಬೀಸುವ ಪಡುವಣದ ರಭಸದ ಗಾಳಿಯ ಬಗ್ಗೆ ಬರೆದ ಲೇಖನಗಳಿವೆ. ಗಣಿತ ಬಲ್ಲ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇವು ಕಷ್ಟವಾಗಬಾರದು. ಘಟ್ಟವನ್ನು ದಿನವೂ ಕಾಣುವವರು ಇವನ್ನು ಓದದೆ ಇರಬಾರದೆಂಬುದು ನನ್ನ ಬಲವಾದ ಅಭಿಪ್ರಾಯ. ಕೊನೆಯಲ್ಲಿ ವಿಶ್ವ ಹವಾಮಾನ ಸಂಸ್ಥೆಯ 2009ರ 'ವೆದರ್ ಫೋರ್‌ಕಾಸ್ಟಿಂಗ್ ಫಾರ್ ಸೋರಿಂಗ್ ಫ್ಲೈಟ್' ಓದಿ. ಮುನ್ಸೂಚನೆ ಬರೆಯುವವರಿಗಾಗಿಯೇ ಸಿದ್ಧಪಡಿಸಿದ ಆ ಕೈಪಿಡಿಯನ್ನು ಮೊದಲಿಗೇ ಹಿಡಿದರೆ ಉತ್ಸಾಹ ಕುಂದೀತು.

ಓದಿನ ಜೊತೆಗೇ ಮಾಡಬೇಕಾದ ಅಭ್ಯಾಸವೊಂದಿದೆ. ಮಂಗಳೂರಿನ ಪಣಂಬೂರಿನಿಂದ ಹವಾಮಾನ ಇಲಾಖೆ ಬಲೂನು ಹಾರಿಸಿ ಮೇಲಣ ಗಾಳಿಯ ಉಷ್ಣಾಂಶ, ತೇವ, ವೇಗಗಳನ್ನು ಅಳೆಯುತ್ತದೆ. ಬೆಳಗಿನ 5.30ರ ಆ ದತ್ತಾಂಶವನ್ನು ವ್ಯೋಮಿಂಗ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ 43285 ಎಂಬ ಕೇಂದ್ರ ಸಂಖ್ಯೆಯಡಿ ನೋಡಬಹುದು. ಅದನ್ನು, ಎತ್ತರಕ್ಕೆ ತಕ್ಕಂತೆ ಉಷ್ಣಾಂಶ, ತೇವಗಳನ್ನು ತೋರಿಸುವ ಟೆಫಿಗ್ರಾಂ ಎಂಬ ಪಟದ ಮೇಲೆ ಗುರುತಿಸಿ, ಮಧ್ಯಾಹ್ನದ ಗರಿಷ್ಠ ಉಷ್ಣಾಂಶದಿಂದ ಕಿಲೋಮೀಟರಿಗೆ 9.8 ಡಿಗ್ರಿಯಂತೆ ತಣಿಯುವ ಗೆರೆ ಎಳೆಯಿರಿ; ಅದು ಬೆಳಗಿನ ಗೆರೆಯನ್ನು ಕತ್ತರಿಸುವ ಎತ್ತರ ಥರ್ಮಲ್‌ಗಳ ಮೇಲ್ಮಿತಿಯ ಅಂದಾಜು. ಕಡಲಗಾಳಿ ಒಳಬಂದ ಮೇಲೆ ಕರಾವಳಿಯಲ್ಲಿ ಈ ಲೆಕ್ಕ ಕೆಡುತ್ತದೆ. ಎಷ್ಟು ಹೊತ್ತಿಗೆ ಕೆಟ್ಟಿತು ಎಂಬುದನ್ನೂ ಬರೆದಿಡಿ.

ಪ್ರಶ್ನೆ: ನನ್ನ ಮಗಳು ಎನ್‌ಸಿಸಿಯ ವಾಯುದಳ ವಿಭಾಗದಲ್ಲಿದ್ದಾಳೆ, ಕನ್ನಡ ಮಾಧ್ಯಮದಲ್ಲಿ ಓದಿದವಳು. ಮೇಲಿನಂಥ ವಿಷಯವನ್ನು ಅವಳು ಎಲ್ಲಿಂದ ಆರಂಭಿಸಬಹುದು?
– ಓದುಗರು, ಸುರತ್ಕಲ್

ಉತ್ತರ: ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ವಿಶ್ವಕೋಶ'ದಲ್ಲಿ ಹವಾಮಾನಕ್ಕೆ ಸಂಬಂಧಿಸಿದ ಲೇಖನಗಳನ್ನು ಹುಡುಕಿ ಓದಲಿ, ದೊಡ್ಡ ಗ್ರಂಥಾಲಯಗಳಲ್ಲಿ ಅದರ ಸಂಪುಟಗಳು ಸಿಗುತ್ತವೆ. ಅದರ ಜೊತೆಗೆ ವಿಶ್ವ ಹವಾಮಾನ ಸಂಸ್ಥೆಯ ಮೋಡಗಳ ಅಟ್ಲಾಸ್ ತೆರೆದಿಟ್ಟುಕೊಳ್ಳಲಿ. 1896ರಲ್ಲಿ ಮೊದಲು ಬಂದ ಈ ಅಟ್ಲಾಸಿನ 2017ರ ಆವೃತ್ತಿ ಜಾಲತಾಣದಲ್ಲಿ ಉಚಿತವಾಗಿದೆ. ಚಿತ್ರಗಳೇ ಅದರ ಜೀವಾಳವಾದ್ದರಿಂದ ಇಂಗ್ಲಿಷ್ ಅಷ್ಟಾಗಿ ಅಡ್ಡಿಯಾಗದು. ದಿನಕ್ಕೊಂದು ಮೋಡವನ್ನು ಗುರುತಿಸಿ, ಅದು ಯಾವ ಹೊತ್ತಿನಲ್ಲಿ, ಯಾವ ದಿಕ್ಕಿನಲ್ಲಿ ಬೆಳೆಯಿತೆಂದು ಕನ್ನಡದಲ್ಲೇ ಬರೆಯುತ್ತ ಹೋಗಲಿ. ಆಮೇಲೆ ಗ್ಲೈಡರ್ ಕೈಪಿಡಿಯ 9ನೆಯ ಅಧ್ಯಾಯವನ್ನು ನೀವಿಬ್ಬರೂ ಕೂತು ನಿಧಾನವಾಗಿ ಓದಬಹುದು.