ಪ್ರೋಟೀನುಗಳ ರಚನೆ ಹುಡುಕುವ ಪ್ರಯೋಗಾಲಯದಲ್ಲಿ ದಿನವಿಡೀ ಏನು ನಡೆಯುತ್ತದೆ? ಅಲ್ಲಿ ಸಾಧನೆ ಎಂದರೆ ಯಾವುದು?

ಸಿಂಧನೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವ ನೀವು ಎರಡು ಸಂಗತಿಗಳನ್ನು ಕೇಳಿದ್ದೀರಿ. ಪ್ರೋಟೀನಿನ ರಚನೆಯನ್ನು ಅಭ್ಯಾಸ ಮಾಡುವ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಜನ ಬೆಳಗಿನಿಂದ ಸಂಜೆಯವರೆಗೆ ಮಾಡುವುದೇನು. ಕಂಪ್ಯೂಟರೇ ಆಕಾರವನ್ನು ಲೆಕ್ಕ ಹಾಕಿ ಕೊಡುವ ಈ ಕಾಲದಲ್ಲಿ ಒಂದೇ ಪ್ರೋಟೀನಿಗಾಗಿ ನಾಲ್ಕೈದು ವರ್ಷ ಕಳೆಯುವುದನ್ನು ಸಾಧನೆ ಎನ್ನಬಹುದೇ. ನಾನು ರಾಯಚೂರಿನಲ್ಲಿ ಇಂಥದೊಂದು ಚಿಕ್ಕ ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ, ಇದು ಐದನೆಯ ವರ್ಷ. ನಿಮ್ಮ ಎರಡನೆಯ ಪ್ರಶ್ನೆಯನ್ನು ನಮ್ಮ ಮನೆಯಲ್ಲಿಯೂ ಹಬ್ಬಕ್ಕೊಮ್ಮೆ ಕೇಳುತ್ತಾರೆ.

ನಮ್ಮ ಪ್ರೋಟೀನ್ ತೊಗರಿ ಬೀಜದ್ದು. ದ್ವಿದಳ ಧಾನ್ಯಗಳ ಬೀಜಗಳಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವವನ್ನು ತಡೆಹಿಡಿಯುವ ಪ್ರೋಟೀನುಗಳಿರುತ್ತವೆ. ಬೀಜ ತಿಂದ ಹುಳುವಿಗೆ ತಿಂದದ್ದು ಅರಗದಂತೆ ಮಾಡುವುದು ಅವುಗಳ ಕೆಲಸ. ಹಸಿ ಬೇಳೆ ನಮಗೂ ಸರಿಯಾಗಿ ಅರಗದಿರುವುದಕ್ಕೆ ಇವೂ ಒಂದು ಕಾರಣ. ತೊಗರಿ ಬೆಳೆಯುವವರಿಗೆ ಕಾಯಿಕೊರಕದ ಕಾಟವನ್ನು ವಿವರಿಸಬೇಕಿಲ್ಲ. ಇಂಥ ಹುಳುಗಳ ಹೊಟ್ಟೆಯ ಕಿಣ್ವಕ್ಕೆ ಈ ಪ್ರೋಟೀನ್ ಎಲ್ಲಿ ಮತ್ತು ಹೇಗೆ ಅಂಟಿಕೊಳ್ಳಬಲ್ಲದು ಎಂಬುದನ್ನು ಪರಮಾಣುಗಳ ಮಟ್ಟದಲ್ಲಿ ತಿಳಿಯುವುದು ನನ್ನ ವಿಷಯ.

ದಿನಚರಿಯ ಬಹುಪಾಲು ಪಾತ್ರೆ ತೊಳೆಯುವುದರಲ್ಲಿಯೇ ಹೋಗುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ಇಲ್ಲಿಯ ಕೊಳವೆಬಾವಿಯ ನೀರು ಗಡಸು. ಬಟ್ಟಿ ಇಳಿಸುವ ಯಂತ್ರದ ಕಾಯಿಲ್‌ಗೆ ಸುಣ್ಣ ಹತ್ತುತ್ತಲೇ ಇರುತ್ತದೆ, ಅದನ್ನು ಆಮ್ಲ ಹಾಕಿ ಬಿಡಿಸುವ ಸರದಿ ಪ್ರತಿಯೊಬ್ಬರಿಗೂ ಬರುತ್ತದೆ. ಆಮೇಲೆ ಬೀಜದ ಹಿಟ್ಟನ್ನು ಬಫರಿನಲ್ಲಿ (ಆಮ್ಲ-ಕ್ಷಾರದ ಮಟ್ಟ ಏರುಪೇರಾಗದ ದ್ರಾವಣದಲ್ಲಿ) ನೆನೆಸಿ, ಸೋಸಿ, ಮಂಜುಗಡ್ಡೆಯ ಮೇಲಿಟ್ಟ ಬೀಕರಿಗೆ ಅಮೋನಿಯಂ ಸಲ್ಫೇಟನ್ನು ಚಿಟಿಕೆ ಚಿಟಿಕೆಯಾಗಿ ಕಲಸಿ, ಕೆಳಗೆ ಕೂತ ಪ್ರೋಟೀನನ್ನು ಸೆಂಟ್ರಿಫ್ಯೂಜಿನಲ್ಲಿ ಬೇರ್ಪಡಿಸಿ, ಉಪ್ಪು ಕಳೆದು, ಪ್ರೋಟೀನುಗಳನ್ನು ವಿಂಗಡಿಸುವ ಕಾಲಮ್ ಎಂಬ ಕೊಳವೆಗಳಲ್ಲಿ ಹಾಯಿಸಿ, ಕೊನೆಗೆ ವಿದ್ಯುತ್ ಹರಿಸಿದ ಜೆಲ್ ಎಂಬ ಲೋಳೆಯ ಹಾಳೆಯಲ್ಲಿ ಓಡಿಸಿ ನೀಲಿ ಬಣ್ಣದಲ್ಲಿ ಒಂದೇ ಒಂದು ಗೆರೆ ಕಂಡಾಗ ಶುದ್ಧವಾಯಿತು ಎನ್ನುತ್ತೇವೆ. ಎರಡು ಗೆರೆ ಕಂಡರೆ ಮತ್ತೆ ಹಿಟ್ಟಿನಿಂದ ಶುರು.

ಶುದ್ಧ ಪ್ರೋಟೀನ್ ಕೈಗೆ ಬಂದ ಮೇಲೆ ಅದನ್ನು ಹರಳುಗಟ್ಟಿಸಬೇಕು. ಬಿಡಿ ಅಣುವೊಂದು ಎಕ್ಸ್-ಕಿರಣವನ್ನು ಚದುರಿಸುವುದು ತೀರ ಕಡಿಮೆ. ಕೋಟ್ಯಂತರ ಅಣುಗಳು ಸಾಲಾಗಿ, ಒಂದೇ ಭಂಗಿಯಲ್ಲಿ ನಿಂತಾಗ ಮಾತ್ರ ಓದಬಲ್ಲ ಚುಕ್ಕೆಗಳು ಮೂಡುತ್ತವೆ. 24 ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯ ಪ್ರತಿ ಗುಳಿಯಲ್ಲಿ ಅರ್ಧ ಮಿಲಿಲೀಟರಿನಷ್ಟು ದ್ರಾವಣ ತುಂಬಿ, ಅಂಚಿಗೆ ಗ್ರೀಸ್ ಬಳಿದು, ಗಾಜಿನ ಬಿಲ್ಲೆಯ ಮೇಲೆ ಒಂದು ಮೈಕ್ರೋಲೀಟರ್ ಪ್ರೋಟೀನಿಗೆ ಅಷ್ಟೇ ದ್ರಾವಣ ಬೆರೆಸಿ, ಬಿಲ್ಲೆಯನ್ನು ತಲೆಕೆಳಗಾಗಿ ಮುಚ್ಚುತ್ತೇವೆ. ತೂಗುವ ಹನಿಯಿಂದ ನೀರು ನಿಧಾನವಾಗಿ ಆವಿಯಾಗಿ ಗುಳಿಗೆ ಸೇರುತ್ತದೆ, ಹನಿ ಗಟ್ಟಿಯಾಗುತ್ತ ಹೋಗುತ್ತದೆ. ಆಮೇಲೆ ಕಾಯುವುದು. ದಿನಾ ಸಂಜೆ ಸೂಕ್ಷ್ಮದರ್ಶಕದಡಿ ಒಂದೊಂದೇ ಹನಿ ನೋಡಿ ನೋಟ್‌ಬುಕ್ಕಿನಲ್ಲಿ ‘ಕ್ಲಿಯರ್’ ಅಥವಾ ‘ಪಿಪಿಟಿ’ ಎಂದು ಬರೆಯುತ್ತೇವೆ. ಮೊದಲನೆಯದೆಂದರೆ ಹನಿ ಇನ್ನೂ ತಿಳಿಯಾಗಿದೆ, ಎರಡನೆಯದೆಂದರೆ ಪ್ರೋಟೀನ್ ಕೆಟ್ಟು ಗಸಿಯಾಗಿದೆ. ನನ್ನ ಮೊದಲ ಎರಡು ವರ್ಷದ ಪುಟಗಳಲ್ಲಿ ಈ ಎರಡು ಪದ ಬಿಟ್ಟರೆ ಹೆಚ್ಚೇನೂ ಇಲ್ಲ. ವಿಭಾಗದ ಸಹಾಯಕರು, ನಾವೆಲ್ಲ ಕಾಕಾ ಎಂದು ಕರೆಯುವ ಹಿರಿಯರು, ಬಾಗಿಲು ಹಾಕಲು ಬಂದಾಗ “ಏನವ್ವಾ, ಇವತ್ತರ ಹರಳು ಬಿದ್ದಾವೇನು?” ಎಂದು ಕೇಳುವುದು ವಾಡಿಕೆಯಾಗಿತ್ತು.

ಒಂದು ದಿನ ಬಿದ್ದವು. ಚೂಪಾದ ಅಂಚಿನ, ಕನ್ನಡಿಯಂಥ ಹರಳುಗಳು. ವಿಭಾಗಕ್ಕೆಲ್ಲ ಮಿರ್ಚಿ, ಚಹಾ ಆಯಿತು. ಮರುದಿನ ಸೂಜಿಯ ತುದಿಯಿಂದ ಒತ್ತಿದರೆ ಹರಳು ‘ಟಿಕ್’ ಎಂದು ಸಿಡಿಯಿತು. ಪ್ರೋಟೀನಿನ ಹರಳಿನಲ್ಲಿ ಸುಮಾರು ಅರ್ಧದಷ್ಟು ನೀರೇ ಇರುವುದರಿಂದ ಅದು ಬೆಲ್ಲದ ಪುಡಿಯ ಹಾಗೆ ಮೆತ್ತಗೆ ಉದುರಬೇಕು, ಸಿಡಿಯುವುದು ಉಪ್ಪು. ಫಾಸ್ಫೇಟ್ ಬಫರನ್ನೂ ಮೆಗ್ನೀಸಿಯಮ್ಮನ್ನೂ ಒಂದೇ ಹನಿಯಲ್ಲಿ ಸೇರಿಸಿದ್ದು ನನ್ನದೇ ತಪ್ಪು.

ನಿಜವಾದ ಹರಳು ಬಂದದ್ದು ಮೂರನೆಯ ವರ್ಷದ ಜನವರಿಯಲ್ಲಿ. ಅದನ್ನು ಎಕ್ಸ್-ಕಿರಣಕ್ಕೆ ಒಡ್ಡಲು ಬೆಂಗಳೂರಿಗೆ ಒಯ್ಯುವ ಏರ್ಪಾಡು ತಡವಾಗಿ ಏಪ್ರಿಲ್ ಬಂತು; ಒಂದು ಭಾನುವಾರ ರಾತ್ರಿಯೆಲ್ಲ ಕರೆಂಟು ಹೋಗಿ, 20 ಡಿಗ್ರಿಯಲ್ಲಿರಬೇಕಾದ ಪೆಟ್ಟಿಗೆ ಒಲೆಯಾಗಿ, ಸೋಮವಾರ ನೋಡಿದರೆ ಹನಿಗಳ ಮೇಲೆ ಹಾಲಿನ ಕೆನೆಯಂಥ ಪೊರೆ. ನಾಡಿಗೆಲ್ಲ ಕರೆಂಟು ಕಳಿಸುವ ಶಕ್ತಿನಗರದ ಸ್ಥಾವರ ಇದೇ ಜಿಲ್ಲೆಯಲ್ಲಿದೆ ಎಂಬುದನ್ನು ಅಂದು ಯಾರೂ ನನ್ನ ಮುಂದೆ ಹೇಳಲಿಲ್ಲ, ಒಳ್ಳೆಯದೇ ಆಯಿತು. ಅದೇ ದ್ರಾವಣ, ಅದೇ ಅಳತೆಯಲ್ಲಿ ಮತ್ತೆ ಇಟ್ಟೆ. ಬರಲಿಲ್ಲ. ಹನ್ನೊಂದು ತಿಂಗಳು ಬರಲಿಲ್ಲ.

ಕಾರಣ ಹೊಳೆದದ್ದು ರಸಾಯನಶಾಸ್ತ್ರದಿಂದಲ್ಲ, ನಮ್ಮೂರ ಬಿಸಿಲಿನಿಂದ. ಇಲ್ಲಿಯ ಒಣ ಹವೆಯಲ್ಲಿ, ಫ್ಯಾನ್ ತಿರುಗುವ ಕೋಣೆಯಲ್ಲಿ, ಎರಡು ಮೈಕ್ರೋಲೀಟರಿನ ಹನಿ ನಾನು ಬಿಲ್ಲೆಯನ್ನು ಮಗುಚಿ ಮುಚ್ಚುವ ಅರ್ಧ ನಿಮಿಷದೊಳಗೇ ಆರತೊಡಗುತ್ತದೆ. ಒಳಗೆ ಹೋಗುವಷ್ಟರಲ್ಲಿ ಅದರ ಸಾಂದ್ರತೆ ನಾನು ಬರೆದುಕೊಂಡ ಸಾಂದ್ರತೆಯಾಗಿರುವುದಿಲ್ಲ. ಜನವರಿಯ ಚಳಿಯಲ್ಲಿ ಹಾಗಾಗಿರಲಿಲ್ಲ. ತಂಪು ಪ್ರದೇಶಗಳಲ್ಲಿ ಬರೆದ ಕೈಪಿಡಿಗಳಲ್ಲಿ ಈ ಮಾತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂದಿನಿಂದ ಮಾರ್ಚಿಯಿಂದ ಜೂನ್‌ವರೆಗೆ ನಾವು ಬೆಳಿಗ್ಗೆ ಐದೂವರೆಗೆ, ಫ್ಯಾನ್ ಆರಿಸಿ, ಮೇಜಿನ ಸುತ್ತ ಒದ್ದೆ ಬಟ್ಟೆ ಹಾಸಿ, ಒಂದು ಸಲಕ್ಕೆ ಒಂದೇ ಬಿಲ್ಲೆಯಂತೆ ಹನಿ ಇಡುತ್ತೇವೆ. ಹರಳು ಮತ್ತೆ ಬಂತು. ಅದಕ್ಕಿಂತ ಮುಖ್ಯವಾಗಿ, ನನ್ನ ನೋಟ್‌ಬುಕ್ಕಿನ ಆ ಪುಟವನ್ನು ಓದಿಕೊಂಡು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಾನಿಲ್ಲದ ವಾರದಲ್ಲಿ ತಾನೇ ಹರಳು ಬೆಳೆಸಿದಳು. ಸಾಧನೆ ಯಾವುದು ಎಂದು ಕೇಳಿದ್ದೀರಲ್ಲ, ನನ್ನ ಲೆಕ್ಕದಲ್ಲಿ ಅದು. ಮೊದಲ ಹರಳು ಅದೃಷ್ಟದ್ದು, ಎರಡನೆಯದು ನಮ್ಮದು.

ಹೊರಗಿನವರು ಎಣಿಸುವ ಸಾಧನೆ ಬೇರೆ. 1971ರಲ್ಲಿ ಏಳು ರಚನೆಗಳಿಂದ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಜಾಗತಿಕ ಭಂಡಾರದಲ್ಲಿ ಇಂದು ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಅದರಲ್ಲಿ ಸೇರಿದ ಪ್ರತಿಯೊಂದಕ್ಕೂ ನಾಲ್ಕು ಅಕ್ಷರ-ಅಂಕಿಗಳ ಗುರುತು ಸಿಗುತ್ತದೆ. ನಮ್ಮ ಕಡೆಯ ಹೊಲಗಳ ಶೇಂಗಾದಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನಿನ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ ಬಿಡಿಸಿ 1994ರಲ್ಲಿ ಪ್ರಕಟಿಸಿತು. ಅದರ ನಾಲ್ಕು ಸಮಾನ ತುಂಡುಗಳು ಎಲ್ಲರೂ ನಿರೀಕ್ಷಿಸುವ ಸಮ್ಮಿತಿಯಲ್ಲಿ ಜೋಡಣೆಯಾಗಿರಲಿಲ್ಲ. ಜೀವಮಾನದಲ್ಲಿ ಅಂಥದೊಂದು ಅಚ್ಚರಿ ಸಿಕ್ಕರೆ ಸಾಕು ಎನಿಸುತ್ತದೆ.

ಇನ್ನು ಕಂಪ್ಯೂಟರಿನ ವಿಷಯ. ಪ್ರೋಟೀನಿನ ಆಕಾರವನ್ನು ಲೆಕ್ಕ ಹಾಕಿ ಊಹಿಸುವ ಆಲ್ಫಾಫೋಲ್ಡ್ ಎಂಬ ತಂತ್ರಾಂಶ ನಮಗೆ ಎದುರಾಳಿಯಲ್ಲ. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅದಕ್ಕೂ ಪಾಲು ಸಿಕ್ಕಿದ್ದು ನ್ಯಾಯವೇ. ತಟ್ಟೆಯನ್ನು ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮಡಿಲಲ್ಲೇ ಹಿಡಿದು ಬೆಂಗಳೂರಿಗೆ ಒಯ್ದು, ಹರಳನ್ನು ನೈಲಾನ್ ಕುಣಿಕೆಯಲ್ಲಿ ಎತ್ತಿ, ದ್ರವ ಸಾರಜನಕದಲ್ಲಿ ತಣಿಸಿ, ಎಕ್ಸ್-ಕಿರಣದ ಚುಕ್ಕೆಗಳನ್ನು ಸಂಗ್ರಹಿಸಿದ ಮೇಲೆ ಅವುಗಳ ತೀವ್ರತೆ ಮಾತ್ರ ಸಿಗುತ್ತದೆ, ಅಲೆಗಳ ಹಂತ, ಅಂದರೆ ಒಂದಲೆಯ ಏರಿಳಿತ ಇನ್ನೊಂದಕ್ಕಿಂತ ಎಷ್ಟು ಹಿಂದೆಮುಂದೆ ಎಂಬುದು, ಸಿಗುವುದಿಲ್ಲ; ಅದಿಲ್ಲದೆ ಆಕಾರ ಕಟ್ಟಲಾಗದು. ಆ ಕೊರತೆ ತುಂಬಲು ನಾವು ಬಳಸಿದ್ದು ಆಲ್ಫಾಫೋಲ್ಡಿನ ಮಾದರಿಯನ್ನೇ. ಆದರೆ ನಮ್ಮ ಪ್ರೋಟೀನಿನಲ್ಲಿ ಕಿಣ್ವಕ್ಕೆ ಅಂಟುವ ಬಾಗಿದ ಭಾಗದ ಬಳಿ ಕುಳಿತಿರುವ ನೀರಿನ ಅಣುಗಳು ಆ ಮಾದರಿಯಲ್ಲಿರಲಿಲ್ಲ. ಅವು ಕಂಡದ್ದು ಹರಳಿನಲ್ಲಿ.

ಸದ್ಯ ನಮ್ಮ ರಚನೆಗೆ ಗುರುತು ಸಿಕ್ಕಿಲ್ಲ. ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಕೊಟ್ಟ, ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು ಎಂದು ತೋರಿಸುವ ನಕ್ಷೆಯಲ್ಲಿ ಆ ಸರಪಳಿಯ ಕೊಂಡಿಯಾದ ಪ್ರತಿಯೊಂದು ಅಮೈನೋ ಆಮ್ಲವೂ ಒಪ್ಪಿತ ಜಾಗದಲ್ಲಿ ಕೂತಿದೆಯೇ ಎಂದು ಪರೀಕ್ಷಿಸಬೇಕು. ನಮ್ಮಲ್ಲಿ ಎರಡು ಇನ್ನೂ ಗೆರೆಯ ಹೊರಗಿವೆ, ಅವು ನಿಜವೋ ನನ್ನ ತಪ್ಪೋ ಎಂದು ನೋಡುತ್ತಿದ್ದೇನೆ. ಪ್ರಯೋಗಾಲಯವನ್ನು ಕಣ್ಣಾರೆ ನೋಡುವ ಮನಸ್ಸಿದ್ದರೆ ಬನ್ನಿ, ನಮ್ಮ ಮೇಡಂ ಬೇಡವೆನ್ನುವುದಿಲ್ಲ. ಬೇಸಿಗೆಯಲ್ಲಿ ಬರುವುದಾದರೆ ಹಿಂದಿನ ರಾತ್ರಿಯೇ ರಾಯಚೂರು ಸೇರಿಕೊಳ್ಳಿ. ಏಳು ಗಂಟೆಯ ಮೇಲೆ ನಾವು ಹನಿ ಇಡುವುದಿಲ್ಲ.