ಬಿಳಿ ಕ್ಯಾಬಿನೆಟ್‌ಗೆ 17 ಸಾವಿರ ಕೊಡಬಹುದಾ?

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಬಿಳಿ ಕ್ಯಾಬಿನೆಟ್, ಅಂದರೆ ಪಿಸಿಯ ಭಾಗಗಳನ್ನೆಲ್ಲ ಕೂರಿಸುವ ಡಬ್ಬದ ಬಗ್ಗೆಯೇ ಇವೆ. ಹೋದ ತಿಂಗಳೂ ಹಾಗೇ ಇತ್ತು. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ. ಅದಕ್ಕೇ ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಸರ್, ಗೇಮಿಂಗ್‌ಗೆ ಹೊಸ ಪಿಸಿ ಅಸೆಂಬಲ್ ಮಾಡಿಸುತ್ತಿದ್ದೇನೆ. ಒಟ್ಟು ಬಜೆಟ್ 1.2 ಲಕ್ಷ. ಮುಂದೆ, ಪಕ್ಕ ಎರಡೂ ಕಡೆ ಗಾಜಿರುವ ಬಿಳಿ ಕ್ಯಾಬಿನೆಟ್ ತುಂಬಾ ಇಷ್ಟ ಆಗಿದೆ, 17 ಸಾವಿರ. ಅದಕ್ಕಾಗಿ ಗ್ರಾಫಿಕ್ಸ್ ಕಾರ್ಡ್ ಸ್ವಲ್ಪ ಕಡಿಮೆಯದ್ದು ತಗೊಳ್ಳೋಣ ಅಂತಿದ್ದೇನೆ. ಸರೀನಾ? ಬಿಳಿ ಆಮೇಲೆ ಹಳದಿಯಾಗುತ್ತದಾ? (ದಾವಣಗೆರೆಯ ಓದುಗರು)

ಸರಿಯಲ್ಲ. ಕಾರ್ಡ್ ಇಳಿಸಿ ಕ್ಯಾಬಿನೆಟ್ ಏರಿಸಬೇಡಿ. ಆಟ ಓಡಿಸುವುದು ಕಾರ್ಡ್, ಡಬ್ಬ ಅಲ್ಲ.

ಹಾಗಂತ ಒಳ್ಳೆಯ ಕ್ಯಾಬಿನೆಟ್‌ಗೆ ದುಡ್ಡು ಹಾಕುವುದು ದಂಡ ಅಂತ ನಾನು ಹೇಳುವುದಿಲ್ಲ. ಪಿಸಿಯಲ್ಲಿ ಹಳೆಯದಾಗದ ವಸ್ತು ಇದೊಂದೇ. ಪ್ರೊಸೆಸರ್ ಸಾಕೆಟ್ ಬದಲಾಗುತ್ತದೆ, ರ‍್ಯಾಮ್ ಬದಲಾಗುತ್ತದೆ. ನನ್ನ ಮೇಜಿನ ಮೇಲಿರುವ ಕ್ಯಾಬಿನೆಟ್ ಈಗ ಮೂರನೇ ಮದರ್‌ಬೋರ್ಡ್ ನೋಡುತ್ತಿದೆ. ಇನ್ನೂ ಒಂದೆರಡು ನೋಡುತ್ತದೆ. ಹಾಗೆ ಲೆಕ್ಕ ಹಾಕಿದರೆ 17 ಸಾವಿರ ದೊಡ್ಡದಲ್ಲ. ಆದರೆ ನಿಮ್ಮ ಖರ್ಚು 17 ಸಾವಿರಕ್ಕೆ ನಿಲ್ಲುವುದಿಲ್ಲ, ತೊಂದರೆ ಇರುವುದು ಅಲ್ಲೇ.

ಗಾಜಿನ ಹಿಂದೆ ಎಲ್ಲವೂ ಕಾಣುತ್ತದೆ ಅಲ್ವಾ? ಬಿಳಿ ಡಬ್ಬದೊಳಗೆ ಕಪ್ಪು ಕೇಬಲ್ ಇದ್ದರೆ ಎರಡೇ ದಿನಕ್ಕೆ ನಿಮಗೇ ಕಣ್ಣು ಚುಚ್ಚಲು ಶುರುವಾಗುತ್ತದೆ. ಆಮೇಲೆ ಬಿಳಿ ಕೇಬಲ್, ಬಿಳಿ ಫ್ಯಾನ್, ಬಿಳಿ ಕೂಲರ್, ಬಿಳಿ ಕಾರ್ಡ್. ಚಿಪ್ ಅದೇ, ಬಣ್ಣಕ್ಕೆ ದುಡ್ಡು ಜಾಸ್ತಿ. ಇನ್ನೊಂದು ವಿಷಯ ಅಂಗಡಿಯವರು ಬಿಲ್ ಆದಮೇಲೆ ಹೇಳುತ್ತಾರೆ: ಇಂಥ ಗಾಜಿನ ಕ್ಯಾಬಿನೆಟ್‌ಗಳಲ್ಲಿ ಎಷ್ಟೋ ಫ್ಯಾನ್ ಇಲ್ಲದೆ ಖಾಲಿಯಾಗಿ ಬರುತ್ತವೆ. ಈ ಶೈಲಿಗೆ ಹೆಸರು ತಂದ ಲಿಯಾನ್ ಲಿ ಕಂಪನಿಯ ಓ11 ಡೈನಾಮಿಕ್ 2018ರಲ್ಲಿ ಬಂದಾಗ ಅದರಲ್ಲೂ ಒಂದು ಫ್ಯಾನ್ ಇರಲಿಲ್ಲ. ಕೆಳಗೆ ಮೂರು, ಪಕ್ಕದಲ್ಲಿ ಮೂರು, ಮೇಲೆ ಮೂರು. ನೀವೇ ಕೂಡಿಸಿ ನೋಡಿ.

ಈಗ ಗಾಳಿಯ ಮಾತು. ಕ್ಯಾಬಿನೆಟ್ ಅಂದರೆ ಗಾಳಿ ಒಂದು ಕಡೆ ಒಳಗೆ ಬಂದು ಇನ್ನೊಂದು ಕಡೆ ಹೊರಗೆ ಹೋಗುವ ದಾರಿ, ಅಷ್ಟೇ. ತುಮಕೂರಿನ ಹುಡುಗನೊಬ್ಬ ಹೋದ ಬೇಸಿಗೆಯಲ್ಲಿ ತನ್ನ ಬಿಳಿ ಪಿಸಿಯನ್ನು ಕಾರಿನಲ್ಲಿ ಹೊತ್ತು ತಂದಿದ್ದ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಕಾರ್ಡ್ 84 ಡಿಗ್ರಿ, ಫ್ಯಾನ್ ಸದ್ದು ಹಿಟ್ಟಿನ ಗಿರಣಿಯಂತೆ. ಹೊಸ ಕಾರ್ಡ್ ಕೆಟ್ಟಿದೆ ಅಂತ ಅವನ ನಂಬಿಕೆ. ಮುಂದಿನ ಗಾಜಿನ ಅಂಚಿಗೆ ಬೆರಳಿಟ್ಟು ನೋಡಿದೆ. ಗಾಳಿ ಬರುವ ಸಂದು ನನ್ನ ಕಿರುಬೆರಳಷ್ಟೂ ಇರಲಿಲ್ಲ. ಆ ಗಾಜು ತೆಗೆದು ಪಕ್ಕಕ್ಕಿಟ್ಟೆ, ಬೇರೇನೂ ಮಾಡಲಿಲ್ಲ. ಕಾಲು ಗಂಟೆಯಲ್ಲಿ 73ಕ್ಕೆ ಇಳಿಯಿತು. ಆ ಹುಡುಗನ ಮುಖ ನೋಡಿ ನನಗೆ ಬೇಜಾರಾಯಿತು, ಅಷ್ಟು ದುಡ್ಡು ಕೊಟ್ಟಿದ್ದ.

ಹಾಗಾಗಿ ಅಂಗಡಿಯಲ್ಲಿ ಮುಂದಿನ ಪ್ಯಾನೆಲ್ ಬಿಚ್ಚಿ ಕೊಡಿ ಅಂತ ಕೇಳಿ. ಅದನ್ನು ಬೆಳಕಿಗೆ ಹಿಡಿಯಿರಿ. ಜಾಲರಿಯ ತೂತುಗಳಿಂದ ಬೆಳಕು ದಾಟಿ ಬಂದರೆ ಗಾಳಿಯೂ ಬರುತ್ತದೆ. ಮುಂದೆ ಪೂರ್ತಿ ಗಾಜಿದ್ದರೆ ಗಾಳಿ ಕೆಳಗಿನಿಂದಲೋ ಪಕ್ಕದಿಂದಲೋ ಬರಲೇಬೇಕು, ಅಲ್ಲಿ ಫ್ಯಾನ್ ಹಾಕದಿದ್ದರೆ ತುಮಕೂರಿನ ಕಥೆಯೇ. ಬಿಚ್ಚಿ ತೋರಿಸಲ್ಲ ಅಂದರೆ ಬೇರೆ ಅಂಗಡಿಗೆ ಹೋಗಿ.

ನಿಮಗೆ ಬಿಳಿಯೇ ಬೇಕು ಅಂದರೆ ಜಾಲರಿ ಮುಖದ್ದು ತಗೊಳ್ಳಿ. ಕೋರ್ಸೇರ್ 4000ಡಿ ಏರ್‌ಫ್ಲೋ, ಮುಂದೆ ಮರದ ಪಟ್ಟಿಗಳಿರುವ ಫ್ರ್ಯಾಕ್ಟಲ್ ನಾರ್ತ್, ಎರಡೂ ಬಿಳಿಯಲ್ಲಿ ಸಿಗುತ್ತವೆ, ಎರಡಕ್ಕೂ ಎರಡೆರಡು ಫ್ಯಾನ್ ಜೊತೆಗೇ ಬರುತ್ತವೆ. ಕಾರ್ಡಿನ ಉದ್ದ ಅಳೆಯುವುದು ನಿಮ್ಮ ಕೆಲಸ. ಮುಂದೆ ನೀರಿನ ಕೂಲರ್‌ನ ರೇಡಿಯೇಟರ್ ಕೂರಿಸಿದರೆ ಫ್ಯಾನ್ ಸೇರಿ ಕಾರ್ಡಿನ ಜಾಗದಲ್ಲಿ ಸುಮಾರು 52 ಮಿ.ಮೀ. ಹೋಗುತ್ತದೆ ಅನ್ನುವುದು ಮರೆಯಬೇಡಿ.

ಬಿಳಿ ಹಳದಿಯಾಗುತ್ತದಾ ಅಂತಲೂ ಕೇಳಿದ್ದೀರಿ. ಪೌಡರ್ ಕೋಟಿಂಗ್ ಆದ ಕಬ್ಬಿಣದ ತಗಡು ಅಷ್ಟು ಬೇಗ ಆಗುವುದಿಲ್ಲ. ಪ್ಲಾಸ್ಟಿಕ್ ಆಗುತ್ತದೆ. ಒಂದೇ ಕ್ಯಾಬಿನೆಟ್‌ನಲ್ಲಿ ಎರಡೂ ಇದ್ದರೆ ಕೆಲವು ವರ್ಷದಲ್ಲಿ ಎರಡು ಬಣ್ಣ ಕಾಣುತ್ತದೆ. ಕಿಟಕಿ ಬಿಸಿಲು ಬೀಳುವ ಕಡೆ ಇಡಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಡಿ ಅಂತ ವಿಡಿಯೋ ಮಾಡುವವರ ಮಾತು ಕೇಳಿ ಕೈ ಸುಟ್ಟುಕೊಳ್ಳಬೇಡಿ. ಹಾಗೆ ಬೆಳ್ಳಗಾದ ಪ್ಲಾಸ್ಟಿಕ್ ಮತ್ತೆ ಹಳದಿಯಾಗಿದ್ದನ್ನು ನೋಡಿದ್ದೇನೆ. ಕೆಂಪು ಮಣ್ಣಿನ ಊರಲ್ಲಿದ್ದರೆ ತಿಂಗಳಿಗೊಮ್ಮೆ ಧೂಳು ತಡೆಯುವ ಫಿಲ್ಟರ್ ತೊಳೆಯಬೇಕು, ಪೂರ್ತಿ ಒಣಗಿದ ಮೇಲೇ ಹಾಕಬೇಕು. ಬಿಳಿ ಜಾಲರಿಯ ಒಂದೊಂದು ತೂತಿನಲ್ಲೂ ಧೂಳು ಕಾಣುತ್ತದೆ. ಇಷ್ಟು ಮಾಡುವ ವ್ಯವಧಾನ ಇಲ್ಲದಿದ್ದರೆ ಬಿಳಿ ಬೇಡ.

ಮತ್ತೆ, ಪಕ್ಕದ ಗಾಜು ಬಿಚ್ಚಿದಾಗ ಟೈಲ್ಸ್ ನೆಲದ ಮೇಲೆ ನಿಲ್ಲಿಸಲೇಬೇಡಿ. ನಾನು ಒಮ್ಮೆ ಹಾಗೆ ಮಾಡಿದೆ. ಅಂಚು ಟೈಲ್ಸ್‌ಗೆ ತಾಗಿದ್ದೇ ತಡ, ಇಡೀ ಗಾಜು ಕಲ್ಲುಸಕ್ಕರೆ ಚೆಲ್ಲಿದಂತೆ ನೆಲಕ್ಕೆ ಸುರಿಯಿತು. ಮಂಚದ ಮೇಲೆ ಮಲಗಿಸಿ ಇಡಿ.

ಪ್ರಶ್ನೆ: ಬಿಳಿ ಬಣ್ಣ ಬಿಸಿ ಹೀರಲ್ಲ, ಪಿಸಿ ತಂಪಾಗಿರುತ್ತೆ ಅಂತಾರೆ, ನಿಜವಾ?

ಸುಳ್ಳು. ಬಿಸಿ ಬರುವುದು ಒಳಗಿನಿಂದ, ಬಿಸಿಲಿನಿಂದಲ್ಲ.

ಪ್ರಶ್ನೆ: ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) ಫ್ರೀ ಕೊಡುತ್ತಾರಂತೆ, ತಗೊಳ್ಳಲಾ?

ಹೆಸರಿಲ್ಲದ ಎಸ್‌ಎಂಪಿಎಸ್ ಫ್ರೀ ಕೊಟ್ಟರೂ ಬೇಡ. ಅದು ಸಾಯುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಹೀಗೆ ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಪ್ರಶ್ನೆ: ದುಬಾರಿ ಕಂಪನಿಯದ್ದಾದರೆ ಕಣ್ಣು ಮುಚ್ಚಿ ತಗೋಬಹುದಲ್ವಾ?

ಇಲ್ಲ. ಎನ್‌ಝಡ್‌ಎಕ್ಸ್‌ಟಿಯ ಎಚ್1 ಕೂಡ ಪ್ರೀಮಿಯಂ ಕ್ಯಾಬಿನೆಟ್ಟೇ, ಬಿಳಿಯಲ್ಲೂ ಬರುತ್ತಿತ್ತು. ಗ್ರಾಫಿಕ್ಸ್ ಕಾರ್ಡನ್ನು ಮದರ್‌ಬೋರ್ಡ್‌ಗೆ ಜೋಡಿಸುವ ರೈಸರ್ ಬೋರ್ಡ್ ಕೂರಿಸುವ ಸ್ಕ್ರೂನಿಂದ ಶಾರ್ಟ್ ಆಗಿ ಬೆಂಕಿ ಹತ್ತುವ ಅಪಾಯ ಇದೆ ಅಂತ 2021ರಲ್ಲಿ ಅಮೆರಿಕದಲ್ಲಿ ವಾಪಸ್ ಕರೆಸಿಕೊಂಡರು.

ಪ್ರಶ್ನೆ: ಸೆಕೆಗೆ ಪಕ್ಕದ ಗಾಜು ತೆಗೆದೇ ಇಟ್ಟರೆ?

ಒಳಗೆ ಧೂಳು ಹೋಗುತ್ತದೆ, ಹಲ್ಲಿ ಹೋಗುತ್ತದೆ. ಮುಚ್ಚಿ.

ಪ್ರಶ್ನೆ: ಹೊಸ ಬಿಳಿ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತೆ. ಪೇಂಟ್ ಸರಿ ಇಲ್ವಾ?

ಪೇಂಟ್ ಅಲ್ಲ, ನಿಮ್ಮ ಮನೆಯ ಅರ್ಥಿಂಗ್ ಸರಿ ಇಲ್ಲ. ಎಸ್‌ಎಂಪಿಎಸ್‌ನೊಳಗಿನ ಫಿಲ್ಟರ್‌ನಿಂದ ಸ್ವಲ್ಪ ಕರೆಂಟ್ ತಗಡಿಗೆ ಬರುತ್ತದೆ, ಅದು ಅರ್ಥ್ ವೈರಿನಲ್ಲಿ ಇಳಿದು ಹೋಗಬೇಕು. ದಾರಿ ಇಲ್ಲದ್ದಕ್ಕೆ ನಿಮ್ಮ ಕೈಯಲ್ಲಿ ಇಳಿಯುತ್ತಿದೆ. ಇವತ್ತೇ ಎಲೆಕ್ಟ್ರಿಷಿಯನ್‌ಗೆ ಹೇಳಿ. ಅವರು ನೋಡಿ ಸರಿಮಾಡುವವರೆಗೆ ಪ್ಲಗ್ ಕಿತ್ತು ಇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.