‘ಮಾವನ ತುತ್ತು’ ಕಳಿಸಿದ ಸಿಂಧನೂರಿನ ತಂಗಿಗೆ

ತಂಗಿ, ನಿಮ್ಮ ‘ಮಾವನ ತುತ್ತು’ ಕಥೆ ಓದಿದೆ. ಲಕ್ವಾ ಹೊಡೆದು ಬಲಗೈ, ಮಾತು ಎರಡೂ ಹೋದ ಮಾವ, ಅವರಿಗೆ ಉಣಿಸುವ ಸೊಸೆ, ರಾಯಚೂರಿನ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಐದು ದಿನ. ಭಾಷೆ ನಿಮ್ಮೂರಿನದೇ, ಅತ್ತೆಯ ಪಾತ್ರ ಗಟ್ಟಿಯಾಗಿದೆ. ಆದರೆ ನಾಲ್ಕನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ನಮ್ಮ ಮನೆಯಲ್ಲೂ ಲಕ್ವಾ ಆದ ಅಣ್ಣ ಇದ್ದಾರೆ. ರಾತ್ರಿ ಊಟ ನಾನೇ ಉಣಿಸುತ್ತೇನೆ. ಹಾಗಾಗಿ ಆ ಪುಟವನ್ನು ಸುಮ್ಮನೆ ದಾಟಲು ಆಗಲಿಲ್ಲ.

‘ಮಲಗಿದ್ದ ಮಾವನ ತಲೆಯನ್ನು ತುಸು ಎತ್ತಿ, ಮಮತೆಯ ಧಾರೆಯೆರೆದಳು.’ ಎರೆದದ್ದು ನೀರು ತಾನೆ? ಚಮಚದಿಂದಲೋ, ತಂಬಿಗೆಯಿಂದಲೋ? ಮಮತೆ ಬರೆದಿರಿ, ಕೈ ಬರೆಯಲಿಲ್ಲ. ಲಕ್ವಾ ಆದವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ಮೊದಲ ದಿನಗಳಲ್ಲಿ ನುಂಗಲು ತೊಂದರೆ ಇರುತ್ತದೆ. ಅದರಲ್ಲೂ ತೊಡಕು ತೆಳ್ಳಗಿನ ನೀರಿನದು. ಶ್ವಾಸನಾಳ ಮುಚ್ಚಿಕೊಳ್ಳುವ ಮೊದಲೇ ಅದು ಜಾರಿ ಇಳಿಯುತ್ತದೆ. ಅದಕ್ಕೇ ಬೆನ್ನು ನೆಟ್ಟಗೆ ಕೂರಿಸುವುದು, ಚಿಕ್ಕ ಚಮಚ ಹಿಡಿಯುವುದು, ಒಂದು ಗುಟುಕು ಇಳಿದದ್ದನ್ನು ಕಂಡ ಮೇಲೆಯೇ ಇನ್ನೊಂದು ಕೊಡುವುದು. ಇಳಿದದ್ದು ಕಣ್ಣಿಗೆ ಕಾಣುತ್ತದೆ. ಗಂಟಲಮಣಿ ಮೇಲೆದ್ದು ಕೆಳಗೆ ಬರುತ್ತದೆ. ನಿಮ್ಮ ಕಥೆಯಲ್ಲಿ ಅದನ್ನು ಯಾರೂ ನೋಡುವುದೇ ಇಲ್ಲ.

ಮುಂದಿನ ಸಾಲು: ‘ನೀರು ನೆತ್ತಿಗೇರಿತು. ಯಾರೋ ನೆನೆಸ್ಯಾರ ಅಂತ ಅತ್ತೆ ನೆತ್ತಿ ತಟ್ಟಿದಳು. ಸೊಸೆ ಇನ್ನೊಂದು ಗುಟುಕು ಕುಡಿಸಿದಳು. ಕೆಮ್ಮು ನಿಂತಿತು, ಗಂಡಾಂತರ ಕಳೆಯಿತು.’ ಅತ್ತೆಯ ಮಾತು ನಿಜವಾದ ಮಾತು, ತೆಗೆಯಬೇಡಿ. ಕೆಮ್ಮುವವರಿಗೆ ಇನ್ನೊಂದು ಗುಟುಕು ಕುಡಿಸುವ ಮನೆಗಳೂ ಇವೆ. ಆದರೆ ‘ಗಂಡಾಂತರ ಕಳೆಯಿತು’ ಅಂದವರು ಯಾರು? ಅದು ಅತ್ತೆಯಲ್ಲ, ನೀವು. ಕೆಮ್ಮು ನಿಂತಿತೆಂದರೆ ನೀರು ಸರಿಯಾದ ದಾರಿ ಹಿಡಿಯಿತು ಎಂದೇನೂ ಅಲ್ಲ. ಗಂಟಲಿನ ಸ್ಪರ್ಶಜ್ಞಾನ ಕುಂದಿದ್ದರೆ ನೀರು ಶ್ವಾಸಕೋಶಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲ. ನಾನು ನಾಲ್ಕಾರು ಚಮಚಕ್ಕೊಮ್ಮೆ ಅಣ್ಣನಿಗೆ ‘ಆ’ ಅನ್ನಲು ಹೇಳುತ್ತೇನೆ. ದನಿಯಲ್ಲಿ ಗುಳುಗುಳು ಕೇಳಿದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಊಟವಾದ ಮೇಲೆ ಸ್ವಾಧೀನವಿಲ್ಲದ ಕಡೆಯ ಕೆನ್ನೆಯೊಳಗೆ ಬ್ಯಾಟರಿ ಬಿಟ್ಟು ನೋಡಿದರೆ ಅನ್ನದ ಉಂಡೆ ಹಾಗೇ ಕೂತಿರುತ್ತದೆ. ಅದು ಅಲ್ಲಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ.

ಇನ್ನು ‘ಮಜ್ಜಿಗೆಯಲ್ಲಿ ಮುರಿದು ಹಾಕಿದ ಜೋಳದ ರೊಟ್ಟಿ, ಮಗುವಿಗೂ ಇಳಿಯುವಷ್ಟು ಮೆತ್ತಗೆ.’ ಓದುವವರು ನಾಳೆ ಇದನ್ನೇ ಮಾಡಿಯಾರು ಎಂದು ಬರೆಯುತ್ತಿದ್ದೇನೆ. ತೆಳು ಮಜ್ಜಿಗೆ, ರೊಟ್ಟಿಯ ಚೂರು ಎರಡೂ ಒಂದೇ ತುತ್ತಿನಲ್ಲಿ ಬಂದರೆ, ಚೂರು ಅಗಿಯುವಷ್ಟರಲ್ಲಿ ಮಜ್ಜಿಗೆ ಮೊದಲೇ ಗಂಟಲಿಗೆ ಓಡುತ್ತದೆ. ನಮ್ಮ ಕಡೆಯ ಮಂಡಕ್ಕಿ ಒಗ್ಗರಣೆಯೂ ಅಪಾಯವೇ, ಉದುರುದುರು ಕಾಳು ಬಾಯಲ್ಲಿ ಒಂದುಗೂಡುವುದಿಲ್ಲ. ಗಂಟಿಲ್ಲದಂತೆ ನುಣ್ಣಗೆ ಕಲಸಿದ ಗಟ್ಟಿ ಗಂಜಿ ಕೆಲವರಿಗೆ ಸುಲಭವಾಗಿ ಇಳಿಯುತ್ತದೆ. ಆದರೆ ಯಾರಿಗೆ ಎಷ್ಟು ಗಟ್ಟಿ ಎಂಬುದನ್ನು ನೀವೂ ನಾನೂ ಹೇಳುವಂತಿಲ್ಲ. ಮಾತು ಕಲಿಸುವ ಸ್ಪೀಚ್ ಥೆರಪಿಸ್ಟರೇ ನುಂಗುವುದನ್ನೂ ಪರೀಕ್ಷಿಸಿ ಹೇಳುತ್ತಾರೆ. ಬಾಯಿಂದ ಕೊಡುವುದು ಸುರಕ್ಷಿತವಲ್ಲ ಎಂದಾದರೆ ಮೂಗಿನಿಂದ ಹೊಟ್ಟೆಗೆ ಇಳಿಯುವ ನಳಿಕೆ ಹಾಕುತ್ತಾರೆ.

ನಾನು ಕೆಲಸ ಕಲಿತದ್ದು ಕೊಪ್ಪಳದ ಒಂದು ಪತ್ರಿಕೆಯಲ್ಲಿ. ಅಲ್ಲಿ ಹಿರಿಯರೊಬ್ಬರಿದ್ದರು. ಹೊಸ ಹುಡುಗರು ಯಾರೇ ‘ಬಿತ್ತನೆ ಭರದಿಂದ ಸಾಗಿದೆ’ ಎಂದು ಬರೆದು ತಂದರೂ ಪೆನ್ನು ಕೆಳಗಿಟ್ಟು, ‘ಎಷ್ಟು ತಾಳಿನ ಕೂರಿಗಿ? ಹಿಂದ ಬೀಜ ಬಿಡಾಕಿ ಯಾರು?’ ಎನ್ನುತ್ತಿದ್ದರು. ಗೊತ್ತಿಲ್ಲ ಅಂದರೆ ಸೈಕಲ್ ಕೊಟ್ಟು ಹೊಲಕ್ಕೆ ಕಳಿಸುವರು. ಬೈಯುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಹೋಗಿ ನೋಡಿ ಬಂದು ಬರೆದ ಆ ನಾಲ್ಕು ಸಾಲು ಅಚ್ಚಾದಾಗ, ಹೊಲದವರು ಓದಿಸಿಕೊಂಡು ತಲೆಯಾಡಿಸುತ್ತಿದ್ದರು. ನಿಮ್ಮ ನಾಲ್ಕನೇ ಪುಟ ನೋಡಿದ್ದರೆ ಆ ಹಿರಿಯರು ಕೇಳುತ್ತಿದ್ದದ್ದೂ ಚಮಚವನ್ನೇ.

ಕೊನೆಯಲ್ಲಿ ಮಾವನಿಗೆ ಜ್ವರ, ಉಬ್ಬಸ. ‘ವಿಧಿಗೆ ಕರುಣೆ ಇರಲಿಲ್ಲ’ ಎಂದು ಮುಗಿಸಿದ್ದೀರಿ. ಈ ಸಾಲನ್ನು ಒಪ್ಪಲಾರೆ. ಆ ಜ್ವರದ ಕಾರಣ ನಿಮ್ಮದೇ ನಾಲ್ಕನೇ ಪುಟದಲ್ಲಿದೆ. ಶ್ವಾಸಕೋಶಕ್ಕೆ ಇಳಿದ ನೀರು, ಅನ್ನ, ತೊಳೆಯದ ಬಾಯಿಯ ಕ್ರಿಮಿ, ಅದರಿಂದ ನ್ಯುಮೋನಿಯಾ. ವಿಧಿಯನ್ನು ತಂದು ನಿಲ್ಲಿಸಿ ನಿಮ್ಮ ಕಥೆಯ ಬೆನ್ನೆಲುಬನ್ನೇ ಮುರಿದಿದ್ದೀರಿ. ಸೊಸೆಯನ್ನು ತಪ್ಪಿತಸ್ಥೆ ಮಾಡಿ ಎನ್ನುತ್ತಿಲ್ಲ. ಅವಳು ತಿಳಿದಷ್ಟು ಮಾಡಿದಳು. ಅವಳಿಗೆ ಯಾರು ಏನು ಹೇಳಿ ಮನೆಗೆ ಕಳಿಸಿದರು? ಡಿಸ್ಚಾರ್ಜ್ ಒಂದೇ ಸಾಲಿನಲ್ಲಿ ಮುಗಿಯುತ್ತದೆ ನಿಮ್ಮಲ್ಲಿ. ನನಗೆ ಅಲ್ಲಿ ಒಂದು ಪೂರಾ ಪುಟ ಬೇಕು: ಮಾತ್ರೆಯ ಚೀಟಿ, ಆಟೋ ಹಿಡಿಯುವ ಅವಸರ, ಕೇಳಬೇಕೆಂದು ಬಾಯಿಗೆ ಬಂದು ಕೇಳದೇ ಉಳಿದ ಪ್ರಶ್ನೆ. ಬಹಳ ಜನರಿಗೆ ನುಂಗುವ ಶಕ್ತಿ ಕೆಲವು ವಾರಗಳಲ್ಲಿ ಮರಳುತ್ತದೆ. ನಿಮ್ಮ ಮಾವನಿಗೂ ಆ ವಾರಗಳು ಸಿಗಬಹುದಿತ್ತು. ಓದುಗರಿಗೆ ಸಂಕಟ ಆಗಬೇಕಾದದ್ದು ಅಲ್ಲಿ.

ಉಳಿದದ್ದನ್ನು ಮುಟ್ಟಬೇಡಿ. ಡಿಸ್ಚಾರ್ಜ್, ನಾಲ್ಕನೇ ಪುಟ, ಕೊನೆಯ ಪುಟ ಇವಿಷ್ಟನ್ನು ಹೊಸದಾಗಿ ಬರೆಯಿರಿ. ಅದಕ್ಕೆ ಮೊದಲು ಲಕ್ವಾ ಆದವರಿಗೆ ಉಣಿಸುವವರ ಪಕ್ಕ ಒಂದು ಊಟದ ಹೊತ್ತು, ಮೊದಲ ತುತ್ತಿನಿಂದ ಬಾಯಿ ತೊಳೆಸಿ ಇನ್ನೂ ಅರ್ಧ ಗಂಟೆ ಕೂರಿಸುವವರೆಗೆ, ಕೂತು ನೋಡಿ. ಬರೆದದ್ದನ್ನು ಒಬ್ಬ ಸ್ಪೀಚ್ ಥೆರಪಿಸ್ಟರಿಗೆ ಓದಲು ಕೊಟ್ಟು, ಆಮೇಲೆ ನನಗೇ ಕಳಿಸಿ.